ಗಿರಣಿ ಗುರುಶಾಂತಪ್ಪನ ಕೆಂಪು ಶಾಯಿ

ಇಜೇರಿಯ ಹಿಟ್ಟಿನ ಗಿರಣಿ ಗುರುಶಾಂತಪ್ಪ ಊರ ವಾಚನಾಲಯ ಸಮಿತಿಯ ಅಧ್ಯಕ್ಷನಾದದ್ದು ತೂಕಡಿಕೆಯ ಬಲದಿಂದ. ಸಭೆಯಲ್ಲಿ ಅವನು ಎಂದಿನಂತೆ ಕಣ್ಣು ತೆರೆದುಕೊಂಡೇ ಕನಸು ಕಾಣುತ್ತ ಕೂತಿದ್ದ. ವಾಚನಾಲಯ ನೋಡಿಕೊಳ್ಳುವ ಬಸವೇಶ್ವರಿ, "ಯಾರರೆ ಒಬ್ರು ಅಧ್ಯಕ್ಷರಾಗ್ರಿ, ಪುಣ್ಯಾ ಬರ್ತದ" ಎಂದು ಕೇಳಿಕೊಂಡಾಗ ಉಳಿದವರೆಲ್ಲ ನೆಲ ನೋಡಿದರು. ಗುರುಶಾಂತಪ್ಪನ ತಲೆ ಮಾತ್ರ ತನ್ನಷ್ಟಕ್ಕೆ ತಾನೇ ಮುಂದೆ ವಾಲಿ ಮತ್ತೆ ಮೇಲೆದ್ದಿತು. ಅದೇ ಒಪ್ಪಿಗೆಯೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಎಚ್ಚರವಾಗಿ ಅವನೂ ತಟ್ಟಿದ. ಯಾರಿಗಾಗಿ ತಟ್ಟುತ್ತಿದ್ದೇವೆಂದು ಪಕ್ಕದವನನ್ನು ವಿಚಾರಿಸಿದ ಮೇಲೆಯೇ ತನಗೆ ಒದಗಿದ ಪದವಿ ಅವನ ಗಮನಕ್ಕೆ ಬಂದದ್ದು.

ಅವನ ಸ್ವಭಾವವೇ ಹಾಗೆ. ಗಿರಣಿಯ ಪಟ್ಟಾ ತಿರುಗಲು ಶುರುವಾಯಿತೆಂದರೆ ಅವನ ಮನಸ್ಸು ಹಗ್ಗ ಬಿಚ್ಚಿದ ಕರುವಿನಂತೆ ಎತ್ತಲೋ ಹೊರಟುಬಿಡುತ್ತಿತ್ತು. ಒಬ್ಬರ ಜೋಳ ಇನ್ನೊಬ್ಬರ ಡಬ್ಬಿಗೆ, ಆ ಇನ್ನೊಬ್ಬರ ಗೋಧಿ ಮತ್ತ್ಯಾರದೋ ಚೀಲಕ್ಕೆ ಹೋಗುವುದು ಅಲ್ಲಿ ನಿತ್ಯದ ಮಾತು. "ಗುರುಶಾಂತಪ್ಪನ ಕೈಯಾಗ ಜೋಳ ಕೊಟ್ರ ಏನು ವಾಪಸ್ ಬರ್ತದ ಅಂಬೋದು ದೇವರಿಗೇ ಗೊತ್ತು" ಎಂದು ಓಣಿಯವರು ಹೇಳುತ್ತಿದ್ದರು. ಹೇಳುತ್ತಲೇ ಅಲ್ಲಿಗೇ ಹೋಗುತ್ತಿದ್ದರು. ಹತ್ತಿರದಲ್ಲಿ ಬೇರೆ ಗಿರಣಿ ಇರಲಿಲ್ಲ.

ಅಧ್ಯಕ್ಷನ ಕೆಲಸವೆಂದರೆ ತಿಂಗಳಿಗೊಂದು ಸಹಿ. ಮೊದಲ ಸಹಿಯನ್ನು ಅವನು ಗಿರಣಿಯ ಗೋಡೆಗೆ ದಾರ ಕಟ್ಟಿ ಇಳಿಬಿಟ್ಟಿದ್ದ ಪೆನ್ನಿನಿಂದ ಮಾಡಿದ. ದಾರ ಗಿಡ್ಡವಾಗಿದ್ದರಿಂದ ಸಹಿ ಅರ್ಧಕ್ಕೇ ನಿಂತು, ಕಾಗದದ ಮೇಲೆ 'ಗುರುಶಾಂ' ಎಂದಷ್ಟೇ ಮೂಡಿತು. ಬಸವೇಶ್ವರಿ ಅದನ್ನೇ ಮಡಚಿಕೊಂಡು ಹೋದಳು. ಆದರೆ ಆ ಅರ್ಧ ಸಹಿ ಗುರುಶಾಂತಪ್ಪನ ಮನಸ್ಸಿನಲ್ಲಿ ಬಹಳ ಹೊತ್ತು ಉಳಿಯಿತು. ದೊಡ್ಡ ಸಾಹೇಬರು ಹಸಿರು ಶಾಯಿಯಲ್ಲಿ ಸಹಿ ಮಾಡುವುದನ್ನು ಅವನು ಕಂಡಿದ್ದ. ಹಸಿರು ಸರ್ಕಾರದ್ದಾಯಿತು; ವಾಚನಾಲಯದ ಅಧ್ಯಕ್ಷನಿಗೆ ಯಾವ ಬಣ್ಣ ಒಪ್ಪೀತು? ಗೋಧಿ ಬೀಸುತ್ತ ಯೋಚಿಸಿದ, ಕಡಲೆ ಬೀಸುತ್ತ ಯೋಚಿಸಿದ. ಕಡೆಗೆ ಸಂತೆಗೆಂದು ಜೇವರ್ಗಿಗೆ ಹೋದವನು ಬದನೆಕಾಯಿ ಮರೆತು, ಒಂದು ಫೌಂಟನ್ ಪೆನ್ನು ಮತ್ತು ಒಂದು ಬಾಟಲಿ ಕೆಂಪು ಶಾಯಿ ಕೊಂಡು ಬಂದ.

"ಇದು ಅಂಥಿಂಥ ಕೆಂಪಲ್ರಿ, ಕಣ್ಣಿಗೆ ಹೊಡಿಯೋ ಕೆಂಪು" ಎಂದು ಅಂಗಡಿಯವನು ಹೇಳಿದ್ದ. "ಇಲ್ಲೇ ಒಂದೆರಡು ಗೆರಿ ಎಳದು ನೋಡ್ರಿ."

"ಬ್ಯಾಡ್ರಿ, ಮನ್ಯಾಗ ಶಾಂತ ಕುಂತು ನೋಡ್ತೇನಿ" ಎಂದಿದ್ದ ಗುರುಶಾಂತಪ್ಪ. ಇಂಥ ಕೆಲಸ ಬಜಾರಿನಲ್ಲಿ ನಿಂತು ಮಾಡುವಂಥದ್ದಲ್ಲ ಎಂಬುದು ಅವನ ಭಾವನೆ.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಗಿರಣಿ ನಿಂತಿತು. ಓಣಿಯೇ ಒಮ್ಮೆಲೇ ಕಿವಿ ಮುಚ್ಚಿಕೊಂಡಂತಾಯಿತು. ಗುರುಶಾಂತಪ್ಪ ಹಿಟ್ಟು ಮೆತ್ತಿದ ಮೈಯಲ್ಲೇ ಚೀಲದ ಮೇಲೆ ಕೂತು, ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿಗೆ ಬಾಟಲಿ ಹಿಡಿದ. ಎದುರಿನ ಗೋಡೆಯ ಮೇಲೆ ದಾಸವಾಳದಂಥ ಒಂದು ಬೆಳಕು ಅರಳಿತು. ಬಾಟಲಿ ಅಲುಗಿಸಿದರೆ ಅದೂ ಅಲುಗಿತು. ಗಾಳಿಯಲ್ಲಿ ತೇಲುತ್ತಿದ್ದ ಹಿಟ್ಟಿನ ಕಣಗಳು ಆ ಬೆಳಕಿನೊಳಗೆ ಬಂದಾಗ ಕೆಂಪಾಗುತ್ತಿದ್ದವು, ಆಚೆ ದಾಟಿದಾಗ ಬೆಳ್ಳಗಾಗುತ್ತಿದ್ದವು. ಮದುಮಗಳ ಕುಪ್ಪಸದ ಕೆಂಪು, ಗಿಳಿಯ ಕೊಕ್ಕಿನ ಕೆಂಪು, ಭೀಮಾ ನದಿಯ ಆಚೆ ದಡದಲ್ಲಿ ಮುಳುಗುವ ಹೊತ್ತಿನ ಕೆಂಪು, ಎಲ್ಲ ಆ ಪುಟ್ಟ ಬಾಟಲಿಯೊಳಗೆ ಸುಮ್ಮನೆ ಕೂತಿದ್ದವು. ಗುರುಶಾಂತಪ್ಪ ತನ್ನ ಸಹಿಯನ್ನೇ ಕಣ್ಣ ಮುಂದೆ ಕಂಡ. ಕೊನೆಯ ಅಕ್ಷರದ ಒತ್ತು ಹಾಳೆಯ ಅಂಚಿನವರೆಗೂ ಬಾಲ ಬೀಸಿಕೊಂಡು ಹೋಗಿತ್ತು. ಕಲಬುರಗಿಯಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ಕನ್ನಡಕ ಏರಿಸಿ, "ಈ ಸಹಿ ಯಾರದು?" ಎಂದು ಕೇಳುತ್ತಿದ್ದರು. ಹಿಂದೆ ನಿಂತಿದ್ದ ಗುರುಶಾಂತಪ್ಪ ನಾಚಿಕೊಂಡು ನೆಲ ನೋಡುತ್ತಿದ್ದ.

ಪೆನ್ನಿಗೆ ಶಾಯಿ ತುಂಬಿದ. ಕಾಗದದ ಮೇಲೆ ಇಟ್ಟ. ಬರೆಯಲಿಲ್ಲ. ಜಾಡಿಸಿದ, ಬರೆಯಲಿಲ್ಲ. ಗಿರಣಿಯ ಗಾಳಿಯಲ್ಲಿ ನಿಬ್ಬಿನ ಸೀಳಿಗೆ ಹಿಟ್ಟು ಸೇರಿ ಗಂಟಲು ಕಟ್ಟಿತ್ತು. ಹಿಂದೆ ಶಾಲೆಯಲ್ಲಿ ಮಾಸ್ತರರು ಇಂಥ ಹೊತ್ತಿನಲ್ಲಿ ನಿಬ್ಬಿಗೆ ಬಾಯಿ ಹಚ್ಚುತ್ತಿದ್ದದ್ದು ನೆನಪಾಯಿತು. ಅವರು ಊದುತ್ತಿದ್ದರೋ ಎಳೆಯುತ್ತಿದ್ದರೋ ಎಂಬುದು ಮಾತ್ರ ನೆನಪಾಗಲಿಲ್ಲ. ಆ ಪಾಠದ ಹೊತ್ತಿನಲ್ಲೂ ಅವನು ಕಿಟಕಿಯಾಚೆ ನೋಡುತ್ತಿದ್ದಿರಬೇಕು. ಗುರುಶಾಂತಪ್ಪ ಎಳೆದ. ಮೊದಲು ಏನೂ ಬರಲಿಲ್ಲ. ಎಳನೀರು ಕುಡಿಯುವವನಂತೆ ಕಣ್ಣು ಮುಚ್ಚಿ ಬಲವಾಗಿ ಎಳೆದ. ಆಗ ಹಿಟ್ಟೂ ಶಾಯಿಯೂ ಒಟ್ಟಿಗೇ ಬಂದವು.

ಕೆಮ್ಮಿದ. ಎದುರಿನ ಹಿಟ್ಟಿನ ರಾಶಿಯ ಮೇಲೆ ಕೆಂಪು ಸಿಡಿಯಿತು. ಗಲ್ಲದಿಂದ ಇಳಿದು ಬನಿಯನ್ನಿನ ಮೇಲೆ ಹರಿಯಿತು. ಗಾಬರಿಯಲ್ಲಿ ಪೆನ್ನನ್ನು ಬನಿಯನ್ನಿನ ಜೇಬಿಗೆ ತುರುಕಿದ. ಕಾಲು ತಾಗಿ ಬಾಟಲಿ ಚೀಲಗಳ ಸಂದಿಗೆ ಉರುಳಿತು. ಸರಿಯಾಗಿ ಅದೇ ಗಳಿಗೆಗೆ ಎದುರು ಮನೆಯ ಪೀರಬಿ ತನ್ನ ಜೋಳದ ಹಿಟ್ಟು ಒಯ್ಯಲು ಒಳಗೆ ಬಂದಳು. ಅವಳು ಕಂಡದ್ದು ಇಷ್ಟು: ಸುಣ್ಣದಂಥ ಬಿಳಿ ಮುಖ, ಅದರ ನಡುವೆ ಕೆಂಪಾದ ಬಾಯಿ, ನೀರಾಡುವ ಕಣ್ಣು.

"ಯಾ ಅಲ್ಲಾ! ಗುರುಶಾಂತಣ್ಣಾ, ಏನಾತೋ?"

ಒಗರು ಕಹಿಗೆ ಗುರುಶಾಂತಪ್ಪನ ನಾಲಿಗೆ ದಪ್ಪಗಾಗಿ ಮಡಚಿಕೊಂಡಿತ್ತು. "ಶಾಯಿ... ಶಾಯಿ..." ಎಂದು ಹೇಳಲು ಹೋದ. ಬಾಯಿಂದ ಹೊರಬಿದ್ದದ್ದು "ಸಾಯಿ... ಸಾಯಿ..."

"ಸಾಯಿ ಅನಬ್ಯಾಡಪಾ!" ಎಂದು ಪೀರಬಿ ಚೀರಿ, ಹಿಟ್ಟು ಬಿಟ್ಟು ಬೀದಿಗೆ ಓಡಿದಳು. "ಅಂಬವ್ವಾ, ಬಾರಬೇ ಲಗೂನ! ನಿನ ಗಂಡ ರಕ್ತ ಕಾರಾಕತ್ತಾನ! ಸಾಯ್ತೇನಿ ಸಾಯ್ತೇನಿ ಅನ್ನಾಕತ್ತಾನ!"

ಗುರುಶಾಂತಪ್ಪನ ಹೆಂಡತಿ ಅಂಬುಬಾಯಿ ರೊಟ್ಟಿ ತಟ್ಟುತ್ತಿದ್ದ ಕೈಯಲ್ಲೇ ಬಂದಳು. ಗಂಡನನ್ನು ನೋಡಿ ಅಲ್ಲೇ ಕುಸಿದು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಎಷ್ಟ್ ಬೈದೆನ್ರಿ ನಿಮಗ! ನಿನ್ನೆ ಬದನಿಕಾಯಿ ತರಲಿಲ್ಲಂತ ಊಟಕ್ಕ ಕುಂತಾಗ ಬೈದೆ. ಒಂದ್ ಮಾತರೆ ತಿರುಗಿ ಅಂದ್ರೇನ್ರಿ ನೀವು? ಇಂಥಾ ಬ್ಯಾನಿ ಹೊಟ್ಟ್ಯಾಗ ಇಟ್ಕೊಂಡು ಸುಮ್ಮ ಕುಂತ್ರೇನ್ರಿ?"

ಶಾಯಿ ಎಂದು ಹೇಳಿಬಿಡಲು ಗುರುಶಾಂತಪ್ಪನಿಗೆ ಆಗಲೂ ಸಮಯವಿತ್ತು, ಕಥೆ ಹೇಳುವವರು ನ್ಯಾಯವಾಗಿ ಅದನ್ನು ಒಪ್ಪಬೇಕು. ಆದರೆ ಅಂಬುಬಾಯಿಯ ಬೆರಳು ಅವನ ಕೂದಲಲ್ಲಿ ಓಡಾಡುತ್ತಿತ್ತು. ಬೆರಳಿಗೆ ಜೋಳದ ಹಿಟ್ಟಿನ ಬೆಚ್ಚನೆಯ ವಾಸನೆಯಿತ್ತು. ಮದುವೆಯ ಹೊಸದರಲ್ಲಿ ಹೀಗೆ ತಲೆ ನೇವರಿಸಿದ್ದಳೋ, ಅಥವಾ ಅದೂ ತಾನು ಕಂಡ ಕನಸೋ ಎಂದು ಅವನು ಯೋಚನೆಗೆ ಬಿದ್ದ. ಇನ್ನೊಂದು ಗಳಿಗೆ ತಡೆದು ಹೇಳೋಣವೆಂದುಕೊಂಡ. ಆ ಒಂದು ಗಳಿಗೆ ಸಂಜೆಯವರೆಗೂ ಉದ್ದವಾಯಿತು.

ಪೀರಬಿಯ ಮಗ ಸಿಕಂದರ ತನ್ನ ಟಂಟಂ ಆಟೋ ತೆಗೆದುಕೊಂಡು ಡಾಕ್ಟರನ್ನು ಕರೆತರಲು ಜೇವರ್ಗಿಗೆ ಹೊರಟ. ಅಂಬುಬಾಯಿ ಅಫಜಲಪುರದಲ್ಲಿದ್ದ ತಮ್ಮ ಶಾಂತಕುಮಾರನಿಗೆ ಅಳುತ್ತ ಫೋನು ಮಾಡಿದಳು. ಶಾಂತಕುಮಾರ ಮೋಟರ್ ಸೈಕಲ್ ಹತ್ತುವ ಮೊದಲು ಆಳಂದಕ್ಕೆ ಫೋನು ಮಾಡಿದ. ಅಲ್ಲಿ ಗುರುಶಾಂತಪ್ಪನ ಅಕ್ಕ ಸುಭದ್ರಾಬಾಯಿ ಇದ್ದಳು. ಇಜೇರಿ ಬಿಡುವಾಗ ಒಂದು ಗುಟುಕಾಗಿದ್ದ ರಕ್ತ ಅಫಜಲಪುರದಲ್ಲಿ ಒಂದು ಚೆಂಬಾಯಿತು, ಆಳಂದ ಮುಟ್ಟುವಷ್ಟರಲ್ಲಿ ಒಂದು ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು.

ಗುರುಶಾಂತಪ್ಪನನ್ನು ಹೊತ್ತು ತಂದು ಪಡಸಾಲೆಯ ಹೊರಸಿನ ಮೇಲೆ ಮಲಗಿಸಿದರು. ಮುಖದ ಹಿಟ್ಟು ಒರೆಸಲು ಯಾರಿಗೂ ಧೈರ್ಯವಾಗಲಿಲ್ಲ, ಏಕೆಂದರೆ ಅದು ಹಿಟ್ಟೆಂದು ಯಾರಿಗೂ ಹೊಳೆಯಲಿಲ್ಲ. "ಮೈಯಾಗ ಒಂದ್ ಹನಿ ರಕ್ತ ಉಳದಿಲ್ಲ, ಮಾರಿ ನೋಡ್ರಿ" ಎಂದು ಬಂದವರು ಬಂದವರಿಗೆ ತೋರಿಸಿದರು. ಅವನು ಬಾಯಿ ತೆರೆದಾಗಲೆಲ್ಲ ಯಾರೋ ನೀರು ಹಾಕುತ್ತಿದ್ದರು. ನೀರು ಕೆಂಪಾಗಿ ಗಲ್ಲಕ್ಕೆ ಇಳಿಯುತ್ತಿತ್ತು. ಹೆಂಗಸರು ಸೆರಗು ಕಣ್ಣಿಗೊತ್ತುತ್ತಿದ್ದರು.

ಮಲಗಿದಲ್ಲಿಂದ ನೋಡಿದರೆ ಜಗತ್ತು ಬೇರೆಯೇ ಆಗಿತ್ತು. ತೊಲೆಗಳ ಕೆಳಗೆ ಮುಖಗಳು ಮೋಡದಂತೆ ಬಂದು ನಿಂತು, ಎರಡು ಒಳ್ಳೆಯ ಮಾತು ಸುರಿಸಿ, ಮುಂದೆ ಸಾಗುತ್ತಿದ್ದವು.

"ಅವನ ಗಿರಣ್ಯಾಗಿನ ಹಿಟ್ಟಂದ್ರ ಮಲ್ಲಿಗಿ ಇದ್ದಂಗ" ಎಂದಿತು ಒಂದು ಮುಖ. ತನ್ನ ಹಿಟ್ಟಿನಲ್ಲಿ ಮರಳು ಸಿಕ್ಕಿತೆಂದು ಹೋದ ವಾರವಷ್ಟೇ ಅದು ಗಿರಣಿಯ ಮುಂದೆ ನಿಂತು ಊರು ಕೂಡಿಸಿತ್ತು.

"ನಮ್ಮ ಜ್ವಾಳಾ ಅದಲ್ ಬದಲ್ ಆಗಿ ಪೀರಬೀದು ನಮಗ ಬಂದಿತ್ರಿ. ಆಕಿದೇ ಚಲೋ ಇತ್ತು. ಅಂವಾ ಬೇಕಂತೇ ಮಾಡಿರ್ಬೇಕು, ನಮ್ಮ ಬಡತನ ನೋಡಿ" ಎಂದಿತು ಮತ್ತೊಂದು. ಪೀರಬಿ ತಲೆಯೆತ್ತಿ ಆ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿಟ್ಟುಕೊಂಡಳು.

ಬಸವೇಶ್ವರಿ ವಾಚನಾಲಯಕ್ಕೆ ಬೀಗ ಹಾಕಿ ಬಂದಳು. "ಅಧ್ಯಕ್ಷರ, ನೀವೇನೂ ಕಾಳಜಿ ಮಾಡಬ್ಯಾಡ್ರಿ. ನಮ್ಮದೊಂದು ಹೊಸಾ ಕಪಾಟ ಬಂದದಲ್ಲ, ಅದಕ್ಕ ನಿಮ್ಮ ಹೆಸರೇ ಇಡೋಣಂತ" ಎಂದಳು.

ಗುರುಶಾಂತಪ್ಪ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೆ ಕಪಾಟು ಬಂದು ನಿಂತಿತು. ಗಾಜಿನ ಬಾಗಿಲು, ಮೇಲೆ ಹೂವಿನ ಹಾರ, ಕೆಂಪು ಅಕ್ಷರದಲ್ಲಿ ಹೆಸರು. 'ಗುರುಶಾಂ' ಅಲ್ಲ, ಪೂರ್ತಿ ಹೆಸರು. ಅದನ್ನು ಒಂದು ಸಲ ಕೈಯಿಂದ ಮುಟ್ಟಿ ಬರೋಣವೆಂದು ಅವನು ಅಲ್ಲೇ ಸ್ವಲ್ಪ ಹೊತ್ತು ಅಡ್ಡಾಡಿದ. ಹೊರಗಿನವರಿಗೆ ಅವನ ತುಟಿ ನಗುವಂತೆ ಅಲುಗಿದ್ದು ಕಂಡಿತು.

"ನಗಾಕತ್ತಾನ! ಕಡೀ ಗಳಿಗ್ಯಾಗ ಹಿಂಗ ನಗ್ತಾರಂತ" ಎಂದು ಯಾರೋ ಪಿಸುಗುಟ್ಟಿದರು. ಅಂಬುಬಾಯಿ ಬಾಯಿಗೆ ಸೆರಗು ತುರುಕಿಕೊಂಡಳು. ಆ ಸದ್ದು ಕೇಳಿ ಗುರುಶಾಂತಪ್ಪನಿಗೆ ಕಪಾಟಿನ ಬಾಗಿಲು ಕೈಯಿಂದ ಜಾರಿದಂತಾಯಿತು. ಇನ್ನು ಹೇಳಲೇಬೇಕೆಂದು ಎದ್ದು ಕೂರಲು ಹೋದ. ಅಷ್ಟರಲ್ಲಿ ಶಾಂತಕುಮಾರ ಬಂದಿಳಿದ.

ಈ ಶಾಂತಕುಮಾರ ಅಫಜಲಪುರದಲ್ಲಿ ಔಷಧ ಅಂಗಡಿಯ ಪಕ್ಕದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ. ಗೋಡೆ ತೆಳುವಾಗಿದ್ದರಿಂದ ಅವನಿಗೆ ವೈದ್ಯಕೀಯದಲ್ಲಿ ಒಳ್ಳೆಯ ತಿಳಿವಳಿಕೆ ಬಂದಿತ್ತು.

"ಮಾಮಾ, ಮಾತಾಡಬ್ಯಾಡ್ರಿ! ಒಂದ್ ಅಕ್ಷರ ಮಾತಾಡಿದ್ರ ಒಳಗಿನ ನರ ಹರೀತದ!" ಎಂದು ಅವನು ಭಾವನ ಬಾಯಿಗೆ ಒದ್ದೆ ಬಟ್ಟೆ ಮಡಚಿ ಇಟ್ಟೇಬಿಟ್ಟ. "ಎಲ್ಲರೂ ದೂರ ಸರೀರಿ. ಗಾಳಿ ಬರ್ಲಿ." ಎಲ್ಲರೂ ದೂರ ಸರಿದರು. ಸರಿದವರ ಜಾಗಕ್ಕೆ ಹಿಂದಿನವರು ಬಂದು ನಿಂತರು.

ಹೊತ್ತು ಇಳಿಯಿತು. ಬಾಗಿಲಾಚೆ ತೊಗರಿ ಹೊಲಗಳ ಮೇಲೆ ಆಕಾಶ ನಿಧಾನವಾಗಿ ಕೆಂಪೇರುತ್ತಿದ್ದಾಗ ಒಂದು ಜೀಪು ಬಂದು ನಿಂತಿತು. ಮೊದಲು ಇಳಿದವನು ಆಳಂದದ ಚಂದ್ರಾಮಪ್ಪ, ಸುಭದ್ರಾಬಾಯಿಯ ಗಂಡ. ಅವನ ಹಿಂದೆ ಸುಭದ್ರಾಬಾಯಿ. ಪಡಸಾಲೆಯವರು ಸರಿದು ದಾರಿ ಬಿಟ್ಟರು. ಈ ಹೊಸ್ತಿಲನ್ನು ಆಕೆ ತುಳಿಯದೆ ವರ್ಷಗಳೇ ಆಗಿದ್ದವೆಂಬುದು ಎಲ್ಲರಿಗೂ ಗೊತ್ತಿತ್ತು.

ಕಾರಣ ಒಂದು ಸೀರೆ. ಸುಭದ್ರಾಬಾಯಿಯ ಮಗನ ಮದುವೆಯಲ್ಲಿ ಗುರುಶಾಂತಪ್ಪ ಅಕ್ಕನಿಗೆ ಇಳಕಲ್ಲ ಸೀರೆಯ ಉಡುಗೊರೆ ಕೊಟ್ಟು ಆಯೇರಿ ಮಾಡಿದ. ಆಕೆ ಹೆಮ್ಮೆಯಿಂದ ಬೀಗರ ಮುಂದೆಯೇ ಸೀರೆ ಬಿಚ್ಚಿದಳು. ನೋಡಿದರೆ, ಅದು ಆಕೆಯೇ ಹಿಂದೆ ಅಂಬುಬಾಯಿಗೆ ಕೊಟ್ಟ ಸೀರೆ. ಆಕೆಯೇ ಕೂತು ಹಾಕಿದ್ದ ಹೊಲಿಗೆ ಅಂಚಿನಲ್ಲಿ ಹಾಗೇ ಇತ್ತು. ಹೊಸ ಸೀರೆ ಇಜೇರಿಯ ಟ್ರಂಕಿನಲ್ಲೇ ಉಳಿದಿತ್ತು. ಟ್ರಂಕು ತೆರೆದಾಗ ಗುರುಶಾಂತಪ್ಪ ಏನು ಯೋಚಿಸುತ್ತಿದ್ದನೆಂಬುದು ಅವನಿಗೂ ನೆನಪಿರಲಿಲ್ಲ. ಅಂದಿನಿಂದ ಅಕ್ಕ ಮಾತು ಬಿಟ್ಟಿದ್ದಳು. ಇವನು ಎರಡು ಸಲ ಆಳಂದಕ್ಕೆ ಹೋಗಿ ಮುಚ್ಚಿದ ಬಾಗಿಲು ನೋಡಿ ಬಂದಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ.

ಸುಭದ್ರಾಬಾಯಿ ಹೊರಸಿನ ಹತ್ತಿರ ಬಂದಳು. ಜೇಬಿನೊಳಗಿನ ಪೆನ್ನು ಅಷ್ಟು ಹೊತ್ತೂ ಸುಮ್ಮನಿರಲಿಲ್ಲ. ಅವನ ಎದೆಯ ಮೇಲೆ ಅಂಗೈಯಗಲದ ಕೆಂಪು ಹಬ್ಬಿತ್ತು.

"ಎದ್ಯಾಗಿಂದನೂ ಬರಾಕತ್ತದಲ್ಲೋ ತಮ್ಮಾ!" ಎಂದು ಆಕೆ ಮೊಳಕಾಲೂರಿದಳು. "ನನ್ನ ಬಾಯಿಗೆ ಹುಳಾ ಬೀಳ್ಲಿ! ಸಿಟ್ಟಿನ್ಯಾಗ ಒಲಿ ಮುಂದ ಕುಂತು, ರಕ್ತಾ ಕಾರಿ ಸಾಯ್ಲಿ ಅಂದಿದ್ದೆ. ಮನಸಿನಿಂದ ಅಂದಿದ್ದಿಲ್ಲಪಾ. ಬರೇ ಸಿಟ್ಟಿಗೆ ಅಂದಿದ್ದೆ. ದೇವರಿಗೆ ಕೇಳ್ಸಿಬಿಟ್ಟದ!"

ಅಂಬುಬಾಯಿ ನೀರು ತಂದಳು. ಸುಭದ್ರಾಬಾಯಿ ತಂಬಿಗೆ ಪಕ್ಕಕ್ಕೆ ಸರಿಸಿದಳು. "ಇಂವಾ ಎದ್ದು ಕುಂತು ಅಕ್ಕಾ ಅನ್ನೂತನಾ ನನಗ ನೀರೂ ಬ್ಯಾಡ, ಅನ್ನಾನೂ ಬ್ಯಾಡ."

"ಆಕಿಗಿ ಸಕ್ರಿ ಕಾಯಿಲಿ ಅದ" ಎಂದ ಚಂದ್ರಾಮಪ್ಪ ಗೋಡೆಗೆ ಹೇಳುವವನಂತೆ ಮೆಲ್ಲಗೆ. "ಫೋನ್ ಬಂತಂತ ಮಧ್ಯಾನದ ಊಟಾನೂ ಬಿಟ್ಟು ಬಂದಾಳ. ಸಂಜಿ ಗುಳಿಗಿ ಊಟದ ಮ್ಯಾಲೇ ತಗೋಬೇಕು. ನನ್ನ ಮಾತು ಆಕಿ ಎಂದೂ ಕೇಳಿಲ್ಲ."

ಗುರುಶಾಂತಪ್ಪ ಅಕ್ಕನ ಮುಖ ನೋಡಿದ. ಆಕೆಯ ಹಣೆ ಬೆವರಿತ್ತು, ತುಟಿ ಒಣಗಿತ್ತು. ಹೇಳಿದರೆ ಆಕೆ ಇದೇ ಜೀಪು ಹತ್ತಿ ಹೋಗುತ್ತಾಳೆ. ಈ ಸಲ ಹೋದರೆ ಈ ಜನ್ಮಕ್ಕೆ ಮುಗಿಯಿತು. ಹೇಳದಿದ್ದರೆ ಆಕೆ ಇಲ್ಲೇ ತಲೆ ತಿರುಗಿ ಬೀಳುತ್ತಾಳೆ. ಅವನ ಆಯುಷ್ಯದಲ್ಲಿ ಕನಸಿಗೆ ಒಂದಿಷ್ಟೂ ಸಂದಿಯಿಲ್ಲದ ಗಳಿಗೆ ಅದೊಂದೇ ಇರಬೇಕು. ಬಾಯಿಯ ಬಟ್ಟೆ ಕಿತ್ತೆಸೆದು ಎದ್ದು ಕೂತ.

"ಅಕ್ಕಾ! ಊಟಾ ಮಾಡು! ಇದು ರಕ್ತ ಅಲ್ಲ, ಶಾಯಿ!"

"ನೋಡ್ರಿ, ಮತ್ತ ಸಾಯಿ ಅನ್ನಾಕತ್ತಾನ!" ಎಂದಳು ಪೀರಬಿ.

"ಸಾಯಿ ಅಲ್ಲಬೇ, ಶಾಯಿ! ಬರಿಯೋ ಶಾಯಿ! ಕೆಂಪು ಶಾಯಿ ಕುಡದೀನಿ!"

ಪಡಸಾಲೆಯಲ್ಲಿ ಕರುಣೆಯ ಅಲೆಯೊಂದು ಹಾದುಹೋಯಿತು. ಶಾಂತಕುಮಾರ ತಲೆಯಾಡಿಸಿದ. "ತಲಿಗಿ ಏರ್ಯದ. ಇನ್ನ ಹಿಂಗೇ ಏನೇನರೆ ಬಡಬಡಸ್ತಾರ. ಹೌದನ್ರಿ ಎಲ್ಲರೂ."

"ಹೌದ್ರಿ, ಶಾಯಿರಿ" ಎಂದರು ಎಲ್ಲರೂ ಸಮಾಧಾನಿಸುವ ದನಿಯಲ್ಲಿ. "ಕೆಂಪು ಶಾಯಿನೇರಿ. ಮಲಕೋರಿ."

ನಿಜ ಹೇಳಿದರೂ ನಂಬದ ಜನರ ನಡುವೆ ಗುರುಶಾಂತಪ್ಪ ದಿಕ್ಕು ಕಾಣದೆ ಕೂತ. ಆಮೇಲೆ ಕೈ ಚಾಚಿದ. "ಒಂದ್ ಕಾಗದಾ ಕೊಡ್ರಿ. ಬರದು ತೋರಸ್ತೇನಿ."

ಮಾತು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ ಹೋಯಿತು: ಗುರುಶಾಂತಪ್ಪ ಆಸ್ತಿಯ ಮೃತ್ಯುಪತ್ರ ಬರೆಯುತ್ತಾನೆ! ಬೀದಿಯಲ್ಲಿದ್ದವರೆಲ್ಲ ಒಳಗೆ ನುಗ್ಗಿದರು. ಬಸವೇಶ್ವರಿ ಕಾಗದ ಕೊಟ್ಟಳು. ಗುರುಶಾಂತಪ್ಪ ಎದೆಯ ಕೆಂಪಿನೊಳಗೆ ಕೈ ಹಾಕಿ ಪೆನ್ನು ತೆಗೆದ. ನಿಬ್ಬಿನ ಹಿಟ್ಟೆಲ್ಲ ಮಧ್ಯಾಹ್ನವೇ ಅವನ ಹೊಟ್ಟೆ ಸೇರಿದ್ದರಿಂದ ಪೆನ್ನು ಬೆಣ್ಣೆಯಂತೆ ಓಡಿತು. ಒಂದೇ ಉಸಿರಿಗೆ ಸಹಿ ಮಾಡಿದ. ಕೊನೆಯ ಒತ್ತಿನ ಬಾಲ ಹಾಳೆಯ ಅಂಚಿನವರೆಗೆ ಹೋಗಿ ಹೊಳೆಯುತ್ತ ನಿಂತಿತು.

"ಯಪ್ಪಾ, ತನ್ನ ರಕ್ತದಾಗೇ ಸಹಿ ಮಾಡಿದ!" ಎಂದು ಶಾಂತಕುಮಾರ ಎರಡು ಹೆಜ್ಜೆ ಹಿಂದೆ ಸರಿದ.

ಸುಭದ್ರಾಬಾಯಿ ಮಾತ್ರ ಸರಿಯಲಿಲ್ಲ. ತಮ್ಮನ ಕೈಯಿಂದ ಪೆನ್ನು ತೆಗೆದುಕೊಂಡಳು. ಮೂಗಿನ ಹತ್ತಿರ ಹಿಡಿದಳು. ತನ್ನ ಅಂಗೈ ಮೇಲೆ ಒಂದು ಗೆರೆ ಎಳೆದಳು, ಇನ್ನೊಂದು ಎಳೆದಳು. ಸೆರಗಿನ ತುದಿಯಿಂದ ತಮ್ಮನ ಕೆನ್ನೆ ಒರೆಸಿದಳು. ಬಿಳುಪು ಸೆರಗಿಗೆ ಬಂತು. ಕೆಳಗೆ ಗುರುಶಾಂತಪ್ಪನ ಎಂದಿನ ಕರಿ ಕೆನ್ನೆ ಆರೋಗ್ಯವಾಗಿ ಮಿರುಗಿತು.

ಅದೇ ಹೊತ್ತಿಗೆ ದಾರಿಯಲ್ಲಿ ಪಂಕ್ಚರಾಗಿ ತಡವಾದ ಸಿಕಂದರನ ಟಂಟಂ ಭರ್ರನೆ ಬಂದು ನಿಂತು, ಜೇವರ್ಗಿಯ ಆಫ್ತಾಬ ಡಾಕ್ಟರು ಚೀಲ ಹಿಡಿದು ಓಡಿ ಬಂದರು. "ಪೇಶಂಟ್ ಎಲ್ಲದಾರ್ರಿ?"

"ಡಾಕ್ಟರ," ಎಂದಳು ಸುಭದ್ರಾಬಾಯಿ ತಿರುಗಿಯೂ ನೋಡದೆ, "ಶಾಯಿ ಕುಡದ್ರ ಮನಷಾ ಸಾಯ್ತಾನೇನ್ರಿ?"

ಡಾಕ್ಟರು ರೋಗಿಯನ್ನು ನೋಡಿದರು, ಪೆನ್ನನ್ನು ನೋಡಿದರು, ನಾಡಿ ಹಿಡಿದರು. "ಇಷ್ಟಕ್ಕ ಸಾಯೂದಿಲ್ರವ್ವಾ. ನೀರು ಕುಡಸ್ರಿ. ಒಂದೆರಡು ದಿನ ಬಾಯಿ ಕೆಂಪಿರ್ತದ, ಅಷ್ಟೇ."

ಜನ ಒಬ್ಬೊಬ್ಬರಾಗಿ ಕರಗತೊಡಗಿದರು. ಮಲ್ಲಿಗೆಯಂಥ ಹಿಟ್ಟೆಂದವರು ಆ ಮಾತು ತಾವು ಆಡಿಲ್ಲವೆಂಬಂತೆ ಹೋದರು. ಬಸವೇಶ್ವರಿ ಕಪಾಟಿನ ವಿಷಯ ಮುಂದಿನ ಸಭೆಯಲ್ಲಿ ನೋಡೋಣವೆಂದಳು. ಪೀರಬಿ, "ನಾ ಮೊದಲೇ ಹೇಳಿದ್ದೆ, ಅಂವಾ ಅದೇ ಅನ್ನಾಕತ್ತಾನಂತ" ಎನ್ನುತ್ತ ತನ್ನ ಹಿಟ್ಟು ಹುಡುಕಲು ಗಿರಣಿಗೆ ನಡೆದಳು. ಒಳಗೆ ಅಂಬುಬಾಯಿ ಒಂದು ಪಾತ್ರೆಯನ್ನು ಅಗತ್ಯಕ್ಕಿಂತ ಜೋರಾಗಿ ಕೆಳಗಿಟ್ಟಳು. ಚಂದ್ರಾಮಪ್ಪ ಹೆಂಡತಿಯ ಮುಖ ನೋಡಿ, ಜೀಪು ತಿರುಗಿಸಲು ಹೇಳಬೇಕೋ ಏನೋ ಎಂದು ಬಾಗಿಲ ಕಡೆ ಅರ್ಧ ಎದ್ದ.

"ಎಲ್ಲಿ ಹೊಂಟ್ರಿ? ಕುಂದುರ್ರಿ" ಎಂದಳು ಸುಭದ್ರಾಬಾಯಿ. ಆಮೇಲೆ ಅಡುಗೆಮನೆಯ ಕಡೆ ಕೂಗಿದಳು, "ಅಂಬವ್ವಾ, ನನಗ ರೊಟ್ಟಿ ಹಾಕಬೇ. ಹೊಟ್ಟಿ ಹಸದು ಕೈಕಾಲು ನಡುಗಾಕತ್ತಾವ. ಇವನ್ನ ಬೈಯೂದು ಭಾಳ ಅದ, ಖಾಲಿ ಹೊಟ್ಟ್ಯಾಗ ಆಗೂದಿಲ್ಲ."

ಎರಡು ರೊಟ್ಟಿ, ಪುಂಡಿಪಲ್ಲೆ, ಒಂದು ಬಟ್ಟಲು ಮೊಸರು ಮುಗಿಸಿ, ಗುಳಿಗೆ ನುಂಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಕೆ ಅಂಗಳದ ಹೊರಸಿಗೆ ಬಂದು ಕೂತಳು. ತಮ್ಮನನ್ನು ಎದುರಿಗೆ ಕೂರಿಸಿಕೊಂಡಳು. ಬೈಗುಳ ಅವನ ಬಾಲ್ಯದಿಂದ ಶುರುವಾಯಿತು. ಎಮ್ಮೆ ಕಾಯಲು ಹೋಗಿ ಎಮ್ಮೆ ಮನೆಗೆ ಬಂದರೂ ತಾನು ಬಾರದೆ ಹೋದದ್ದು, ಅಪ್ಪನ ಹೊಸ ಚಪ್ಪಲಿ ಹೊಳೆಗೆ ಬಿಟ್ಟು ಅದು ತೇಲುವುದನ್ನು ನೋಡುತ್ತ ನಿಂತದ್ದು. ಅಂಬುಬಾಯಿಯೂ ಬಂದು ಪಕ್ಕದಲ್ಲಿ ಕೂತು, ಅಲ್ಲಲ್ಲಿ ಬಿಟ್ಟುಹೋದದ್ದನ್ನು ಸೇರಿಸಿದಳು. ಆಕಾಶದ ಕೊನೆಯ ಬೆಳಕು ಮಂಜಾಗುತ್ತಿತ್ತು. ಗುರುಶಾಂತಪ್ಪ ಗಲ್ಲಕ್ಕೆ ಕೈ ಹಚ್ಚಿ ಅಕ್ಕನ ಮುಖವನ್ನೇ ನೋಡುತ್ತ, ಒಂದು ಅಕ್ಷರವೂ ತಪ್ಪದಂತೆ ಕೇಳುತ್ತಿದ್ದ.

ಸೀರೆಯ ಹತ್ತಿರ ಬರುವಷ್ಟರಲ್ಲಿ ಆಕೆ ನೀರಿನ ತಂಬಿಗೆ ಎತ್ತಿಕೊಂಡಳು. ಕುಡಿಯಲು ಮಾತು ನಿಲ್ಲಿಸಿದಳು.

ಗುರುಶಾಂತಪ್ಪ ಕೆಂಪು ಹಲ್ಲು ತೋರಿಸಿ, ಮೆಲ್ಲಗೆ ಕೇಳಿದ: "ಮುಂದ ಹೇಳಕ್ಕಾ."